ಒಂಬತ್ತು ವರ್ಷ ತುಟಿ ಆಡಿಸಿದ್ದು

ಹಾಡಲು ಬಾರದವರಿಗೆ ಹಾಡುವ ಆಸೆಯನ್ನು ದೇವರು ಯಾಕಾದರೂ ಕೊಡುತ್ತಾನೋ ಗೊತ್ತಿಲ್ಲ. ನನಗಂತೂ ಧಾರಾಳವಾಗಿಯೇ ಕೊಟ್ಟಿದ್ದಾನೆ. ಮುಂಬಯಿಯ ಮುಲುಂಡಿನಿಂದ ಬೈಕುಲ್ಲಾದ ಆಫೀಸಿಗೆ ಹೋಗುವ ಸ್ಲೋ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ನಮ್ಮದೊಂದು ಭಜನಾ ಮಂಡಳಿಯಿದೆ. ಒಬ್ಬರು ಒಂದು ಸಾಲು ಹೇಳಿಕೊಡುವುದು, ಉಳಿದವರು ಎತ್ತಿಕೊಳ್ಳುವುದು. ಒಂಬತ್ತು ವರ್ಷದಿಂದ ನಾನು ಅದರಲ್ಲಿದ್ದೇನೆ. ತಾಳ ಹಾಕುತ್ತಿದ್ದೆ, ಕಣ್ಣು ಮುಚ್ಚಿ ತಲೆ ತೂಗುತ್ತಿದ್ದೆ, ತುಟಿ ಆಡಿಸುತ್ತಿದ್ದೆ. ಸ್ವರ ಮಾತ್ರ ಹೊರಡಿಸುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ನಾಲ್ಕನೆಯ ಕ್ಲಾಸಿನ ಟೀಚರು. ಶಾಲೆಯ ಪ್ರಾರ್ಥನೆಗೆ ನಿಂತಾಗ ನನ್ನ ಕಿವಿಯಲ್ಲಿ ಮೆಲ್ಲಗೆ, "ನೀನು ಬಾಯಿ ಮಾತ್ರ ಆಡಿಸು ಪುಟ್ಟಿ" ಎಂದಿದ್ದರು. ಅವರು ಕಲಿಸಿದ ಮಗ್ಗಿ ಎಂದೋ ಮರೆತುಹೋಗಿದೆ, ಈ ಒಂದು ಪಾಠ ಮಾತ್ರ ಉಳಿದುಕೊಂಡಿತು. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಹಾಡುತ್ತೇನೆ. ಬಿಲ್ಡಿಂಗಿನಲ್ಲಿ ನೀರು ನಿಂತರೆ ನನ್ನ ಸಂಗೀತವೂ ನಿಲ್ಲುತ್ತದೆ. ಲೋಕಲ್‌ನಲ್ಲಿ ಪಕ್ಕದವರು ಗಂಟಲು ಬಿಚ್ಚಿ ಹಾಡುವಾಗ, ಒಂದೇ ಒಂದು ಸಲ ನಾನೂ ಹೀಗೆ ಹಾಡಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಮೊನ್ನೆ, ದಿನವೂ ಹೇಳಿಕೊಡುವ ಉಡುಪಿಯ ವಸಂತಿಯಕ್ಕನಿಗೆ ನೆಗಡಿ. "ಇವತ್ತು ನೀವೇ ಶುರು ಮಾಡಿ ಮಾರಾಯ್ರೆ" ಎಂದು ನನ್ನತ್ತ ತಿರುಗಿದರು.

"ನಂಗೆ ಬರಲ್ಲ ಅಕ್ಕ."

"ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಹಾಡಿದವರಿಗೆ ಈಗ ಎಂತ ನಾಚಿಕೆ?"

ಇಷ್ಟು ವರ್ಷ ಹಾಡಿಯೇ ಇಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಹಾಡಿಬಿಡುವುದೇ ಸುಲಭವಾಗಿ ಕಂಡಿತು. ಭಾಂಡುಪ್ ದಾಟಿದ ಮೇಲೆ ಶುರು ಮಾಡಿದೆ. ಮೊದಲ ಸಾಲಿನಲ್ಲೇ ಸ್ವರ ಒಡೆಯಿತು. ಇಡೀ ಡಬ್ಬಾ ನಗುತ್ತದೆಂದು ಕಾದೆ. ಮಂಡಳಿಯವರು ಎಂದಿನಂತೆ ಸಾಲು ಎತ್ತಿಕೊಂಡರು. ಎದುರಿನವಳು ತಲೆ ಬಾಚುತ್ತಲೇ ಇದ್ದಳು. ಘಾಟ್‌ಕೋಪರ್‌ನಲ್ಲಿ ಹತ್ತಿದವರು ನಮ್ಮನ್ನು ತಳ್ಳಿದರೇ ಹೊರತು ತಿರುಗಿ ನೋಡಲಿಲ್ಲ. ಕುರ್ಲಾ ಬರುವಷ್ಟರಲ್ಲಿ ನನ್ನ ಭಯ ಎಲ್ಲೋ ಇಳಿದುಹೋಗಿತ್ತು, ಕಣ್ಣಲ್ಲಿ ನೀರಿತ್ತು. ಇಷ್ಟಕ್ಕೇ ಇಷ್ಟು ವರ್ಷ ಆಸೆಪಟ್ಟು ಕೂತಿದ್ದೆನಲ್ಲ ಎಂದು ನನ್ನ ಮೇಲೇ ಮರುಕ ಬಂತು.

ಬೈಕುಲ್ಲಾದಲ್ಲಿ ಇಳಿಯುವಾಗ ವಸಂತಿಯಕ್ಕ ಕೈ ಹಿಡಿದುಕೊಂಡರು. "ನೀವು ಹಾಡಿದ್ದು ಒಳ್ಳೇದಾಯ್ತು. ಆದ್ರೆ ಸ್ವರ ಇವತ್ತು ಸ್ವಲ್ಪ ಕೆಟ್ಟಿದೆ ಅಲ್ವಾ? ನನ್ನ ನೆಗಡಿ ನಿಮಗೂ ತಾಗಿತೋ ಎಂತದೋ. ದಿನಾ ಎಷ್ಟು ಚಂದ ಹಾಡ್ತೀರಿ ನೀವು."

ಹೌದೆಂದು ತಲೆಯಾಡಿಸಿದೆ. ಅಂದಿನಿಂದ ದಿನವೂ ಬಾಯಿಬಿಟ್ಟೇ ಹಾಡುತ್ತಿದ್ದೇನೆ. ನನ್ನ ಸ್ವರ ಮೊದಲಿನಂತಾಗಲಿ ಎಂದು ವಸಂತಿಯಕ್ಕ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತರುತ್ತಾರೆ. ಕುಡಿಯುತ್ತೇನೆ. ಒಂಬತ್ತು ವರ್ಷ ನನ್ನ ಜಾಗದಲ್ಲಿ ಕೂತು ವಸಂತಿಯಕ್ಕನೊಬ್ಬರ ಕಿವಿಗೆ ಅಷ್ಟು ಚಂದ ಹಾಡಿದ ಆ ಹೆಂಗಸಿನ ಮೇಲೆ ಮಾತ್ರ ಸಣ್ಣಗೆ ಹೊಟ್ಟೆಕಿಚ್ಚಾಗುತ್ತದೆ.