ಇಂಟರ್ನೆಟ್ಟಿಗೆ ಎಣ್ಣೆ ಸುತ್ತಿದ್ದು

ಬೆಟ್ಟದ ಮೇಲಿನ ನಮ್ಮೂರ ಶಾಲೆಗೆ ಇಂಟರ್ನೆಟ್ ಬಂದದ್ದು ಮಕ್ಕಳಿಗೆಂದು. ರಜೆಯ ದಿನ ಅದನ್ನು ಊರಿಗೆಲ್ಲ ಬಿಡೋಣ ಎಂದು ಹೆಡ್‌ಮಾಸ್ಟರರನ್ನು ಒಪ್ಪಿಸಿದವನು ಕಂಪ್ಯೂಟರ್ ಮೇಷ್ಟ್ರು ಟಂಕಪ್ರಸಾದ. ಎಂಥಾ ಪರೋಪಕಾರಿ ಎಂದು ಜನ ಹೊಗಳಿದರು. ಪರೋಪಕಾರವೂ ಇಲ್ಲ, ಮಣ್ಣೂ ಇಲ್ಲ. ಪಬಿತ್ರಾಳ ಅಣ್ಣ ಕತಾರಿನಲ್ಲಿದ್ದ. ಅವನೊಡನೆ ಮಾತಾಡಲು ಅವಳು ಶಾಲೆಗೆ ಬರುತ್ತಾಳಲ್ಲ, ಅದಕ್ಕೆ! ದೀಪಗಳ ಹಬ್ಬ ತಿಹಾರ್ ಮುಗಿದ ಮರುದಿನವೇ ಅವಳ ಮನೆಗೆ ಹೋಗಿ ಟಂಕನಿಗೆ ಹೆಣ್ಣು ಕೇಳುವುದಾಗಿ ಹೆಡ್‌ಮಾಸ್ಟರರು ಮಾತು ಕೊಟ್ಟಿದ್ದರು.

ಹಬ್ಬದ ಕೊನೆಯ ದಿನ ಭಾಯಿಟೀಕಾ. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ಟೀಕಾ ಇಡಬೇಕು, ಅದೂ ರೇಡಿಯೋ ಹೇಳಿದ ಮುಹೂರ್ತಕ್ಕೆ. ಊರಿನ ಅರ್ಧ ಗಂಡಸರು ಪರದೇಶದಲ್ಲಿ. ಬೆಳಿಗ್ಗೆಯೇ ಹೆಂಗಸರೆಲ್ಲ ತಟ್ಟೆ, ಹೂಮಾಲೆ, ಬಳೆಯಂತೆ ಕರಿದ ಸಿಹಿ ಸೆಲ್ ರೋಟಿ ಹಿಡಿದು ಕಂಪ್ಯೂಟರ್ ಕೋಣೆಗೆ ನುಗ್ಗಿದರು. ಊರಲ್ಲಿದ್ದ ಗಂಡಸರು ಅಕ್ಕತಂಗಿಯರ ಮನೆಗೆ ಹೋಗಿದ್ದರು. ಒಡಹುಟ್ಟಿದವರಿಲ್ಲದ ಟಂಕ ಒಬ್ಬನೇ ಅಲ್ಲಿದ್ದ ಗಂಡಸು.

"ಮೇಷ್ಟ್ರೇ, ನನ್ನ ತಮ್ಮ ಬರೋದು ಯಾವುದರೊಳಗಿಂದ?" ಎಂದು ಕೇಳಿದಳು ಪಬಿತ್ರಾಳ ತಾಯಿ ದೇವಕಲಾ. ಅವಳ ತಮ್ಮ ಮಲೇಷ್ಯಾಕ್ಕೆ ಹೋಗಿ ವರ್ಷಗಳಾಗಿದ್ದವು.

"ಆ ಮಿಣಮಿಣ ಅನ್ನೋ ಪೆಟ್ಟಿಗೆಯಿಂದ ಅಕ್ಕೋರೇ," ಎಂದ ಟಂಕ.

ಹೇಳಬಾರದಿತ್ತು. ಟೀಕಾಗೆ ಮುಂಚೆ ತಮ್ಮನ ಸುತ್ತ ಸಾಸಿವೆ ಎಣ್ಣೆಯ ಗೆರೆ ಎಳೆದರೆ ಯಮ ದಾಟಿ ಬರುವುದಿಲ್ಲ. ದೇವಕಲಾ ಪೆಟ್ಟಿಗೆಗೆ ಮಾಲೆ ಹಾಕಿ, ಸುತ್ತ ಎಣ್ಣೆ ಎರೆದೇಬಿಟ್ಟಳು. ಯಮ ಬರಲಿಲ್ಲ, ಇಂಟರ್ನೆಟ್ಟೂ ಬರಲಿಲ್ಲ. ಪೆಟ್ಟಿಗೆ ಟಪ್ಪೆಂದು ಆರಿತು.

"ಅಯ್ಯೋ ನನ್ ತಮ್ಮ!"

"ಮುಹೂರ್ತ ಮೀರ್ತಿದೆ, ಏನಾದ್ರೂ ಮಾಡ್ರೀ!"

ಟಂಕ ಪಂಚೆಯಂಚಿನಿಂದ ಎಣ್ಣೆ ಒರೆಸಿದ, ಊದಿದ, ಮತ್ತೆ ಹಚ್ಚಿದ. "ಏಳೋಕೆ ಸ್ವಲ್ಪ ಹೊತ್ತು ಬೇಕು, ತಡೀರಿ!"

"ಮುಹೂರ್ತ ತಡೆಯತ್ತಾ?" ಎಂದು ರೇಗಿದ ಮುದುಕಿಯೊಬ್ಬಳ ಕಣ್ಣು ಟಂಕನ ಹಣೆಯ ಮೇಲೆ ಬಿತ್ತು. "ಇವನೊಬ್ಬ ಗಂಡಸು ಇದಾನಲ್ಲ. ಎಲ್ಲರ ಪರವಾಗಿ ಇವನೇ ಕೂತ್ಕೊಳ್ಳಲಿ!"

ಕೋಣೆಯೆಲ್ಲ ಹೌದು ಹೌದು ಎಂದಿತು. ಎಲ್ಲರಿಗಿಂತ ಮುಂದೆ ಪಬಿತ್ರಾಳೇ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕೈಯಿಂದ ಟೀಕಾ ಇಡಿಸಿಕೊಂಡರೆ ಅಲ್ಲಿಗೆ ಅಣ್ಣ!

"ನಂಗೆ ಬಣ್ಣ ಆಗಿಬರಲ್ಲ! ತುರಿಕೆ!" ಎಂದು ಟಂಕ ಬೆಂಚು ಹತ್ತಿ, ಅಲ್ಲಿಂದ ಬೀರುವಿನ ಹಿಂದೆ ಸೇರಿಕೊಂಡ.

"ಹಣೆಗೂ ತುರಿಕೆನಾ ಸರ್?" ಎಂದು ಪಬಿತ್ರಾ ನಕ್ಕಳು. ಆ ನಗುವಿಗೆ ಬೀರುವಿನ ಹಿಂದೆಯೇ ಅವನು ಕರಗಿಹೋದ.

ಅಷ್ಟರಲ್ಲಿ ಅಳುವ ಸದ್ದು. ದೇವಕಲಾ ನೆಲದ ಮೇಲೆ ಕುಕ್ಕರಿಸಿದ್ದಳು. "ಈ ವರ್ಷನಾದ್ರೂ ಅವನ ಮುಖ ನೋಡಿ ಟೀಕಾ ಇಡೋಣ ಅಂತಿದ್ದೆ. ನಾನೇ ಕೈಯಾರೆ ಕೆಡಿಸ್ಕೊಂಡೆ."

ಟಂಕನ ಕರುಳು ಚುರುಕ್ಕೆಂದಿತು. ಜೊತೆಗೆ, ಅತ್ತೆಯಾಗುವವಳ ಕಣ್ಣೀರು ಒರೆಸಿದರೆ ನಾಳೆಯ ಅರ್ಧ ಕೆಲಸ ಮುಗಿದಂತೆಯೇ ಎಂಬ ಲೆಕ್ಕವೂ ಹೊಳೆಯಿತು. ಇದ್ದ ಬುದ್ಧಿಯೆಲ್ಲ ಮಗಳಿಂದ ತಪ್ಪಿಸಿಕೊಳ್ಳುವುದಕ್ಕೇ ಖರ್ಚಾಗಿತ್ತು, ಪಾಪ. ಓಡಿಬಂದು ಚಕ್ಕಳಮಕ್ಕಳ ಹಾಕಿ ಕೂತ. "ಇಡಿ ಅಕ್ಕೋರೇ, ನೀವು ಇಡಿ!"

ಅವಳು ಏಳು ಬಣ್ಣವನ್ನೂ ಪ್ರೀತಿಯಿಂದ ಇಟ್ಟು, ಮಾಲೆ ಹಾಕಿ, ಬಾಯಿಗೆ ಸೆಲ್ ರೋಟಿ ತುರುಕಿದಳು. "ಇವತ್ತಿಂದ ನೀನೂ ನನ್ನ ಸ್ವಂತ ತಮ್ಮ ಕಣಪ್ಪಾ!"

ಪಬಿತ್ರಾಳ ನಗು ಮಾಯವಾಯಿತು. "ಅಂದ್ರೆ... ಸರ್ ಇನ್ಮೇಲೆ ನಂಗೆ ಮಾಮಾ."

ಸೆಲ್ ರೋಟಿ ಟಂಕನ ಗಂಟಲಲ್ಲೇ ನಿಂತಿತು. ದಕ್ಷಿಣದಲ್ಲೆಲ್ಲೋ ಅಕ್ಕನ ಮಗಳನ್ನೇ ಮದುವೆಯಾಗುತ್ತಾರಂತೆ, ಪುಣ್ಯವಂತರು. ನಮ್ಮ ಬೆಟ್ಟದಲ್ಲಿ ಅಕ್ಕನ ಮಗಳೆಂದರೆ ದೇವಿ. ಸೋದರಮಾವ ಅವಳ ಕಾಲಿಗೆ ಬೀಳಬೇಕು.

"ಏನು ಮಿಕಿಮಿಕಿ ನೋಡ್ತೀಯ? ನಮಸ್ಕಾರ ಮಾಡೋ ಅವಳಿಗೆ!" ಎಂದಳು ಹೊಸ ಅಕ್ಕ.

ಟಂಕ ಬಗ್ಗಿ ಆ ಪಾದ ಮುಟ್ಟಿದ. ಪೆಟ್ಟಿಗೆ ಮಿಣಕ್ಕೆಂದಿತು. ಪರದೆಯ ಮೇಲೆ ಮಲೇಷ್ಯಾದ ತಮ್ಮ ಮೂಡಿದ.

"ಅಕ್ಕಾ! ಕಾಣಿಸ್ತಿದೀನಾ? ಅದ್ಯಾರು, ನಮ್ಮ ಪಬಿತ್ರಾ ಕಾಲಿಗೆ ಬಿದ್ದು ಅಳ್ತಿರೋದು?"

"ಇವನಾ?" ದೇವಕಲಾ ಹಿಗ್ಗಿ ಹೀರೇಕಾಯಿಯಾದಳು. "ನಿನ್ನ ತಮ್ಮ ಕಣೋ!"