ಒಂದು ಗಂಟೆಯೊಳಗೆ ಜಯನಗರಕ್ಕೆ

ಲ್ಯಾಬಿನವರು ವಿಜಯಕುಮಾರನ ಕೈಗೆ ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆದರೆ ಅದರ ಜೊತೆ ಎರಡು ಷರತ್ತು ಬಂದಿದ್ದವು. ಮನೆಯಲ್ಲಿ ಸ್ಯಾಂಪಲ್ ತೆಗೆದ ಒಂದು ಗಂಟೆಯೊಳಗೆ ಡಬ್ಬಿ ಜಯನಗರ ನಾಲ್ಕನೇ ಬ್ಲಾಕಿನ ಲ್ಯಾಬ್ ತಲುಪಬೇಕು. ದಾರಿಯುದ್ದಕ್ಕೂ ಅದು ಮೈಯ ಬಿಸುಪಿನಲ್ಲೇ ಇರಬೇಕು. ಲ್ಯಾಬಿನಲ್ಲೇ ಕೊಡಬಹುದಿತ್ತು, ಹಿಂದಿನ ವಾರ ಅದನ್ನೂ ಪ್ರಯತ್ನಿಸಿದ್ದ. ಅವರು ತೋರಿಸಿದ ಕೋಣೆಯ ಹೊರಗೆ ಯಾರೋ ಒಬ್ಬರು ಬಿಡದೆ ಕೆಮ್ಮುತ್ತಿದ್ದರು. ವಿಜಯಕುಮಾರ ಅರ್ಧ ಗಂಟೆ ಗೋಡೆ ನೋಡಿ ಬರಿಗೈಯಲ್ಲಿ ವಾಪಸು ಬಂದಿದ್ದ.

ಅವನಿಗೆ ಮೂವತ್ತೊಂಬತ್ತು, ಹೆಂಡತಿ ಮೈತ್ರಿಗೆ ಮೂವತ್ತಾರು. ಮದುವೆಯಾಗಿ ಐದು ವರ್ಷ. ಮೊದಲೆರಡು ವರ್ಷ ಈಗಲೇ ಯಾಕೆ ಅಂದುಕೊಂಡರು, ಮೂರನೆಯ ವರ್ಷ ಆಗಲಿ ಅಂದುಕೊಂಡರು, ಆಮೇಲೆ ಆಗಲಿಲ್ಲ. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಮೂವತ್ತೈದು ದಾಟಿದ ಮೇಲೆ ಹೆಣ್ಣಿನ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗಬೇಗ ಇಳಿಯುತ್ತವೆ, ಕಾದು ನೋಡೋಣ ಅನ್ನುವ ಕಾಲ ಮುಗಿಯಿತು ಎಂದಿದ್ದರು. ಆಮೇಲೆ ವಿಜಯಕುಮಾರನ ಕಡೆ ತಿರುಗಿದ್ದರು.

"ಗಂಡಸರಿಗೂ ವಯಸ್ಸಾಗತ್ತೆ. ನಿಮ್ಮ ರಿಪೋರ್ಟ್ ಒಂದೇ ಬಾಕಿ. ಶನಿವಾರ ತಂದ್ರೆ ಈ ತಿಂಗಳೇ ಶುರು ಮಾಡೋಣ."

ಅಷ್ಟು ಹೊತ್ತಿಗೆ ಮೈತ್ರಿ ಮೂರು ಸ್ಕ್ಯಾನು, ಹನ್ನೊಂದು ಸಲ ರಕ್ತ, ಒಂದು ಎಕ್ಸ್‌ರೇ ಮುಗಿಸಿದ್ದಳು. ತನ್ನದೊಂದೇ ಪರೀಕ್ಷೆಯನ್ನು ನಾಲ್ಕು ತಿಂಗಳಿಂದ ಮುಂದೂಡಿದ್ದಕ್ಕೆ ವಿಜಯಕುಮಾರನಿಗೆ ನಾಚಿಕೆಯಿತ್ತು. ಬೀದಿಯವರೆಲ್ಲ ವಯಸ್ಸು ಕೇಳುವುದು ಅವಳದ್ದೇ ಎಂಬುದೂ ಅವನಿಗೆ ಗೊತ್ತಿತ್ತು.

ಹಾಗಾಗಿ ಶುಕ್ರವಾರ ಮೈತ್ರಿ ಸ್ಕೂಲಿಗೆ ಹೋದ ಮೇಲೆ, ಹತ್ತು ಇಪ್ಪತ್ತಕ್ಕೆ ಸರಿಯಾಗಿ, ಡಬ್ಬಿಯನ್ನು ಅಂಗಿಯ ಒಳಗಡೆ ಎಡ ಎದೆಗೆ ಅವುಚಿಕೊಂಡು ಮಹಡಿಯಿಂದ ಇಳಿದ. ಕೆಳಗೆ ಗೇಟಿನಲ್ಲಿ ಮನೆ ಓನರ್ ಶಾಮಣ್ಣನವರು ಬಟ್ಟೆ ಚೀಲ ಹಿಡಿದು ನಿಂತಿದ್ದರು. ಅರವತ್ತೇಳು ವರ್ಷದ ಅವರು ರಿಟೈರಾದ ಮೇಲೆ ಇಡೀ ಬೀದಿಯನ್ನು ತಮ್ಮ ಸೆಕ್ಷನ್ ಅಂದುಕೊಂಡಿದ್ದರು.

"ಜಯನಗರದ ಕಡೆಗೇನಪ್ಪಾ?"

ವಿಜಯಕುಮಾರನಿಗೆ ಸುಳ್ಳು ಬೇಗ ಹೊಳೆಯುವುದಿಲ್ಲ. ಹೌದು ಅಂದುಬಿಟ್ಟ. ಶಾಮಣ್ಣನವರಿಗೆ ಕುಕ್ಕರಿನ ಗ್ಯಾಸ್ಕೆಟ್ ಬೇಕಿತ್ತು, ಅದು ಕತ್ರಿಗುಪ್ಪೆಯಲ್ಲಿ ಸಿಕ್ಕರೂ ಜಯನಗರದ್ದೇ ಆಗಬೇಕಿತ್ತು. ಸ್ಕೂಟರ್ ಹತ್ತಿದರು.

ಬಲಗೈಯಲ್ಲಿ ಹ್ಯಾಂಡಲ್, ಎಡಗೈಯಲ್ಲಿ ಎದೆ ಹಿಡಿದುಕೊಂಡು ವಿಜಯಕುಮಾರ ಗುಂಡಿ ತಪ್ಪಿಸುತ್ತಾ ಹೊರಟ. ಶಾಮಣ್ಣನವರು ಹಿಂದಿನಿಂದ ಅವನ ಕಿವಿಗೆ ಬುದ್ಧಿ ಸುರಿಯುತ್ತಾ ಬಂದರು. ಈಗಿನ ಹೆಣ್ಣುಮಕ್ಕಳು ಓದು, ಕೆಲಸ ಅಂತ ಮೂವತ್ತು ದಾಟಿಸುತ್ತಾರೆ, ಆಮೇಲೆ ಡಾಕ್ಟರ ಹತ್ತಿರ ಓಡುತ್ತಾರೆ. ಗಂಡಸಿನ ವಿಷಯ ಬೇರೆ, ಗಂಡಸು ಹುಣಿಸೇಮರ ಇದ್ದಹಾಗೆ, ಮರ ಮುಪ್ಪಾದರೂ ಹುಳಿ ಮುಪ್ಪಾಗುವುದಿಲ್ಲ. ಹುಣಿಸೇಮರದ ಹೋಲಿಕೆ ಕದಿರೇನಹಳ್ಳಿ ಅಂಡರ್‌ಪಾಸ್ ದಾಟುವವರೆಗೂ ನಡೆಯಿತು.

ಬನಶಂಕರಿ ದೇವಸ್ಥಾನದ ಹತ್ತಿರ ಬಂದಾಗ ವಿಜಯಕುಮಾರನಿಗೆ ತಾನು ಮಾಡಿದ ತಪ್ಪು ತಿಳಿಯಿತು. ಶುಕ್ರವಾರದ ರಾಹುಕಾಲ. ನಿಂಬೆಹಣ್ಣಿನ ದೀಪ ಹಚ್ಚಲು ಅರ್ಧ ಬೆಂಗಳೂರೇ ಬಂದಿತ್ತು. ಆಟೋ, ಬಸ್ಸು, ಹೂವಿನ ಗಾಡಿ ಒಂದಕ್ಕೊಂದು ಸಿಕ್ಕಿಕೊಂಡು, ಗಂಟು ಬಿದ್ದ ಜನಿವಾರದ ಹಾಗೆ ಬಿಡಿಸಿದಷ್ಟೂ ಬಿಗಿಯುತ್ತಿದ್ದವು. ಹತ್ತು ಮುಕ್ಕಾಲು ಆಯಿತು. ವಿಜಯಕುಮಾರ ಬೆವೆತ. ಗಡಿಯಾರ ನೋಡಿದ, ಎದೆ ಒತ್ತಿ ನೋಡಿಕೊಂಡ, ಉಸಿರು ಬಿಟ್ಟ, ಮತ್ತೆ ಎದೆ ಒತ್ತಿಕೊಂಡ.

ಶಾಮಣ್ಣನವರು ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದರು. ಅವರ ಭಾವಮೈದುನ ಹೋದ ವರ್ಷ ಹೋಗಿದ್ದು ಹೀಗೆಯೇ. ಮೊದಲು ಬೆವರು, ಆಮೇಲೆ ಎಡಗೈ ಎದೆಗೆ.

"ಗಾಡಿ ಆಫ್ ಮಾಡು ವಿಜಯ" ಎಂದು ಕೈಚಾಚಿ ತಾವೇ ಕೀ ಕಿತ್ತುಕೊಂಡರು.

ಏನೂ ಇಲ್ಲ ಅಂಕಲ್ ಎಂದು ಅವನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಭಾವಮೈದುನನೂ ಏನೂ ಇಲ್ಲ ಅಂತಲೇ ಹೇಳಿದ್ದನಂತೆ. ಎರಡು ನಿಮಿಷದಲ್ಲಿ ಹತ್ತು ಜನ ಸೇರಿದರು. ಒಬ್ಬಾಕೆ ಹಣೆಗೆ ಕುಂಕುಮ ಇಟ್ಟರು. ಇನ್ನೊಬ್ಬಾಕೆ ದೀಪಕ್ಕೆಂದು ಹಿಂಡಿ ಇಟ್ಟಿದ್ದ ನಿಂಬೆರಸವನ್ನು ಸಕ್ಕರೆಯಿಲ್ಲದೆ ಬಾಯಿಗೆ ಸುರಿದರು. ಅದರ ಹುಳಿಗೆ ಅವನ ಮುಖ ಕಿವುಚಿಕೊಂಡಿತು. ಅದನ್ನು ನೋಡಿದ ಮೇಲೆ ಅನುಮಾನ ಇದ್ದವರಿಗೂ ಇದು ಹಾರ್ಟ್ ಅಟ್ಯಾಕೇ ಎಂದು ಖಾತ್ರಿಯಾಯಿತು. ಸ್ಕೂಟರನ್ನು ಹೂವಿನವಳ ವಶಕ್ಕೆ ಕೊಟ್ಟು, ಅವನನ್ನು ಎತ್ತಿ ಆಟೋದಲ್ಲಿ ಹಾಕಿ, ಎರಡು ಬೀದಿ ಆಚೆಯ ನರ್ಸಿಂಗ್ ಹೋಮಿಗೆ ಸಾಗಿಸಿದರು.

ಅಲ್ಲಿ ಇಸಿಜಿಗೆ ಅಂಗಿ ಬಿಚ್ಚಬೇಕಿತ್ತು. ವಿಜಯಕುಮಾರ ಎರಡೂ ಕೈಯಿಂದ ಎದೆ ಬಿಗಿಹಿಡಿದು ಮಲಗಿದ. ನಡುವಯಸ್ಸಿನ ನರ್ಸೊಬ್ಬರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಾಗ ಬೇರೆ ದಾರಿ ಕಾಣದೆ ಪಿಸುಗುಟ್ಟಿ ವಿಷಯ ಹೇಳಿದ.

ನರ್ಸ್ ನಗಲಿಲ್ಲ. "ಎಷ್ಟೊತ್ತಿಗೆ ತೆಗ್ದಿದ್ದು?" ಎಂದು ಕೇಳಿದರು.

"ಹತ್ತಿಪ್ಪತ್ತಕ್ಕೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ. "ಹಾಗಾದ್ರೆ ಟೈಮಿದೆ. ಆದ್ರೆ ನಿಮ್ಮನ್ನ ಬಿಡಕ್ಕಾಗಲ್ಲ ಸಾರ್. ಎದೆನೋವು ಅಂತ ಎಂಟ್ರಿ ಆಗಿದೆ, ಡಾಕ್ಟ್ರು ಬಂದು ಸೈನ್ ಹಾಕ್ಬೇಕು. ಹೊರಗಿರೋ ಯಜಮಾನರ ಕೈಲಿ ಕಳ್ಸಿ" ಎನ್ನುತ್ತಲೇ ಮುಂಗೈಗೆ ಡ್ರಿಪ್ಪಿನ ಸೂಜಿ ಚುಚ್ಚಿಯೂ ಬಿಟ್ಟರು.

ಶಾಮಣ್ಣನವರು ಒಳಗೆ ಬಂದರು. ವಿಜಯಕುಮಾರ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಹೇಳಿದ್ದು, ಮೈತ್ರಿಯ ಹನ್ನೊಂದು ರಕ್ತಪರೀಕ್ಷೆ, ಶನಿವಾರದ ಗಡುವು, ಡಬ್ಬಿ. ಕಣ್ಣು ಬಿಟ್ಟಾಗ ಶಾಮಣ್ಣನವರು ತಲೆ ತಗ್ಗಿಸಿ ನಿಂತಿದ್ದರು.

"ಕೊಡು" ಎಂದರು. ಡಬ್ಬಿಯನ್ನು ಬನಿಯನ್ನಿನೊಳಗೆ ಸೇರಿಸಿಕೊಂಡರು.

"ಯಾರಿಗೂ ಹೇಳ್ಬೇಡಿ ಅಂಕಲ್. ನನ್ನ ಹೆಸರು ಎಲ್ಲೂ ಬರ್ಬಾರ್ದು."

"ಪ್ರಾಣ ಹೋದ್ರೂ ಹೇಳಲ್ಲ."

ಹನ್ನೊಂದು ಹದಿನಾರಕ್ಕೆ ಅವರ ಫೋನ್ ಬಂತು. ತಲುಪಿಸಿದ್ದಾರೆ, ಡಬ್ಬಿ ಇನ್ನೂ ಬೆಚ್ಚಗಿತ್ತು, ನಾಲ್ಕನೇ ಬ್ಲಾಕಿನ ಸಿಗ್ನಲ್ಲಿನಲ್ಲಿ ಆಟೋ ಇಳಿದು ಓಡಿದ್ದಾರೆ. ವಿಜಯಕುಮಾರನ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನ ಡಾಕ್ಟರು ಬಂದು, ಗ್ಯಾಸ್ ಇರಬಹುದು ಎಂದು ಬರೆದು ಅವನನ್ನು ಬಿಟ್ಟರು. ಸಂಜೆ ಮೈತ್ರಿ ಬಂದಾಗ ನಡೆದದ್ದನ್ನೆಲ್ಲ ಹೇಳಿದ. ಅವಳು ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾಮಣ್ಣ ಅಂಕಲ್ ಬಗ್ಗೆ ಇನ್ನು ಒಂದು ಮಾತೂ ಆಡುವುದಿಲ್ಲ ಎಂದಳು.

ಆರೂವರೆಗೆ ಶಾಮಣ್ಣನವರ ಹೆಂಡತಿ ವಾರಿಜಮ್ಮ ಮಹಡಿ ಹತ್ತಿ ಬಂದರು. ಕೈಯಲ್ಲಿ ಗಂಡನ ಫೋನಿತ್ತು. ಹಿಂದೆ ಎರಡು ಮೆಟ್ಟಿಲು ಕೆಳಗೆ ಶಾಮಣ್ಣನವರು ನಿಂತಿದ್ದರು.

"ಇದನ್ನ ಓದು ವಿಜಯ. ನಂಗೆ ಅರ್ಥವಾಗಿದ್ದು ಸರಿಯಾ ನೋಡು."

ಲ್ಯಾಬಿನ ರಿಪೋರ್ಟು. ಸಂಖ್ಯೆ, ಚಲನೆ, ಆಕಾರ, ಎಲ್ಲವೂ ಇರಬೇಕಾದ್ದಕ್ಕಿಂತ ಚೆನ್ನಾಗಿಯೇ ಇದ್ದವು. ವಿಜಯಕುಮಾರನಿಗೆ ನಾಲ್ಕು ತಿಂಗಳ ಭಾರ ಇಳಿದಂತಾಯಿತು. ಆಮೇಲೆ ಮೇಲಿನ ಸಾಲು ಕಂಡಿತು. ಹೆಸರು: ಶಾಮಣ್ಣ. ವಯಸ್ಸು: ಅರವತ್ತೇಳು.

"ಈ ವಯಸ್ಸಲ್ಲಿ ಯಾರಿಗೋಸ್ಕರ ಈ ಟೆಸ್ಟು ಅಂತ ಕೇಳ್ತಿದೀನಿ, ಬಾಯಿ ಬಿಡ್ತಿಲ್ಲ" ಎಂದರು ವಾರಿಜಮ್ಮ.

ವಿಜಯಕುಮಾರ ಕೆಳಗೆ ನೋಡಿದ. "ಅಂಕಲ್, ಏನಿದು?"

"ಹೆಸರು ಬರ್ಬಾರ್ದು ಅಂದ್ಯಲ್ಲಪ್ಪ" ಎಂದು ಶಾಮಣ್ಣನವರು ಸಣ್ಣ ದನಿಯಲ್ಲಿ ಹೇಳಿದರು. "ಯಾರ್ದು ಅಂತ ಕೌಂಟರಲ್ಲಿ ಕೇಳಿದ್ರು. ನಂದೇ ಅಂದೆ."

ನಲವತ್ತು ವರ್ಷದ ಸಂಸಾರ ತನ್ನ ಒಂದು ಡಬ್ಬಿಯಿಂದ ಕೆಡುವುದು ವಿಜಯಕುಮಾರನಿಗೆ ಬೇಡವಾಗಿತ್ತು. ಮೈತ್ರಿಯ ಮುಖ ನೋಡಿದ, ಅವಳು ತಲೆಯಾಡಿಸಿದಳು.

"ಆಂಟಿ, ಅದು ನಂದು" ಎಂದ.

ವಾರಿಜಮ್ಮ ಅವನನ್ನು ತುಂಬ ಹೊತ್ತು ಕನಿಕರದಿಂದ ನೋಡಿದರು. "ನಿಂದು ಒಳ್ಳೇ ಮನಸ್ಸಪ್ಪ. ಅಂಕಲ್‌ನ ಉಳ್ಸಕ್ಕೆ ನಿನ್ನ ಮೇಲೆ ಹಾಕ್ಕೊತಿದೀಯ. ಇದು ನಿಂದೇ ಆಗಿದ್ರೆ ನೀವು ಐದು ವರ್ಷ ಯಾಕೆ ಕಾಯ್ತಿದ್ರಿ?"

ನೀವಾದರೂ ಹೇಳಿ ಎಂಬಂತೆ ವಿಜಯಕುಮಾರ ಶಾಮಣ್ಣನವರನ್ನು ನೋಡಿದ. ಅವರು ಮೇಲೆ ಬಂದು ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡು, ಕೈದೂರ ಹಿಡಿದು, ರಿಪೋರ್ಟನ್ನು ಮೊದಲ ಸಲ ಪೂರ್ತಿ ಓದಿದರು. ಒಂದೊಂದು ಸಾಲಿಗೂ ಅವರ ಬೆನ್ನು ಒಂದೊಂದು ಅಂಗುಲ ನೆಟ್ಟಗಾಯಿತು.

"ಒಬ್ರಿಗೆ ಮಾತು ಕೊಟ್ಟಿದೀನಿ ವಾರಿಜಾ" ಎಂದರು. "ಏನೂ ಹೇಳೋ ಹಾಗಿಲ್ಲ."

ಮರುದಿನ ಡಾಕ್ಟರಮ್ಮ ಇನ್ನೊಬ್ಬರ ಹೆಸರಿನ ರಿಪೋರ್ಟನ್ನು ಮುಟ್ಟಲಿಲ್ಲ. ಮತ್ತೆ ಎರಡು ಮೂರು ದಿನ ಬಿಟ್ಟು, ಹೊಸದಾಗಿ ಕೊಡಬೇಕು. ಅಷ್ಟರಲ್ಲಿ ಈ ತಿಂಗಳ ದಿನ ಮೀರಿರುತ್ತದೆ, ಮುಂದಿನ ತಿಂಗಳು ನೋಡೋಣ. ದಾರಿಯಲ್ಲಿ ಮೈತ್ರಿ ಒಂದೇ ಮಾತು ಆಡಿದಳು. "ಮುಂದಿನ ತಿಂಗ್ಳು ನಂಗೆ ಮೂವತ್ತೇಳು."

ಮನೆಗೆ ಬಂದಾಗ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಶಾಮಣ್ಣನವರು ಕೂತಿದ್ದರು. ಸುತ್ತ ಬೀದಿಯ ಮೂವರು ರಿಟೈರಾದವರು ಅವರ ಫೋನಿಗೆ ತಲೆ ಬಗ್ಗಿಸಿದ್ದರು. ಹಿಂದಿನ ರಾತ್ರಿ ಮಾತು ಬಿಟ್ಟಿದ್ದ ವಾರಿಜಮ್ಮ ಬೆಳಿಗ್ಗೆಯಿಂದ ಗಂಡನಿಗೆ ಎರಡನೇ ಲೋಟ ಕಾಫಿ ಕೇಳದೆಯೇ ಕೊಡುತ್ತಿದ್ದರು. ಆ ಮನೆಯಲ್ಲಿ ನಿಜ ಗೊತ್ತಿದ್ದ ಮೂರು ಜನರಲ್ಲಿ ಒಬ್ಬರು ಆಗಲೇ ಅದನ್ನು ಮರೆತಿದ್ದರು.

ವಿಜಯಕುಮಾರ ಮೆಟ್ಟಿಲು ಹತ್ತುವಾಗ ಶಾಮಣ್ಣನವರು ಕರೆದು, ಹತ್ತಿರ ಕೂರಿಸಿಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟರು.

"ಬೆಳಿಗ್ಗೆ ನೆನೆಸಿದ್ ಬಾದಾಮಿ, ವಾರಕ್ಕೆರಡ್ ಸಲ ನುಗ್ಗೇಸೊಪ್ಪು. ಬೇಜಾರ್ ಮಾಡ್ಕೋಬೇಡ ಮಗಾ" ಎಂದರು. "ನಿಂದೂ ಸರಿಹೋಗತ್ತೆ."