ಮೂರನೆಯ ಉದಾಹರಣೆಯ ಜಲಜಕ್ಕ

ಬರೆದದ್ದನ್ನು ಯಾರೂ ಪೂರ್ತಿ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ನನ್ನಂಥವರ ಬರವಣಿಗೆ ನಡೆಯುತ್ತದೆ. ಕಾರ್ಕಳದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವಳು ನಾನು. ‘ಇಂದು ಗ್ರಂಥಾಲಯಕ್ಕೆ ರಜೆ’ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆದು ತೂಗುಹಾಕಿದರೆ, ಅದರ ಅಡಿಯಲ್ಲೇ ನಿಂತು “ಮೇಡಂ, ಇವತ್ತು ಲೈಬ್ರರಿ ಉಂಟಾ?” ಎಂದು ಕೇಳುವ ಮಕ್ಕಳನ್ನು ಕಂಡವಳು. ಉಡುಪಿಯ ಬನ್ನಂಜೆಯ ನಮ್ಮ ಮನೆಯಲ್ಲಿ ಮಿಕ್ಸಿಯ ಕೈಪಿಡಿ ಕುಂಟುವ ಮೇಜಿನ ಕಾಲಿನಡಿ ಸೇರಿ ವರ್ಷಗಳಾದವು. ನಮ್ಮವರ ಪ್ರಕಾರ ಅದು ಅತ್ಯಂತ ಉಪಯುಕ್ತ ಪುಸ್ತಕ. ಹೀಗಾಗಿ ಪಾಠ ಬಿಟ್ಟು ಮಣಿಪಾಲದ ಸಣ್ಣದೊಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಭಯವೇ ಇರಲಿಲ್ಲ. ಯಾರು ಓದುತ್ತಾರೆ?

ಓದಿದರು. ಆದರೆ ಓದಿದವರು ಮನುಷ್ಯರಲ್ಲ. ನಮ್ಮ ಇಂಜಿನಿಯರ್ ಸುಧಾಕರ ಒಂದು ಸಾಧನ ಮಾಡಿದ್ದ. ದೊಡ್ಡ ಪಟ್ಟಿಯಲ್ಲಿ ಯಾರ ಸಾಲು, ಯಾವ ಕಾಲಂ, ಹೊಸದಾಗಿ ಏನು ಬರೆಯಬೇಕು ಎಂದು ಹೇಳಿದರೆ ಆ ಒಂದು ಚೌಕವನ್ನು ಬದಲಾಯಿಸುತ್ತದೆ, ಅಷ್ಟೇ. ಅದನ್ನು ಬಳಸುವವರು ಎಐ ಏಜೆಂಟುಗಳು, ಅಂದರೆ ತಾವಾಗಿಯೇ ಕೆಲಸ ಮಾಡುವ ಕಂಪ್ಯೂಟರ್ ಗುಮಾಸ್ತರು. ಮನೆಮನೆಗೆ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಯ ರೋಗಿಗಳ ಪಟ್ಟಿಯನ್ನು ಅವು ನೋಡಿಕೊಳ್ಳುತ್ತಿದ್ದವು. ಸಾಧನ ಬಳಸುವುದು ಹೇಗೆಂದು ಅವುಗಳಿಗೆ ತಿಳಿಸುವ ಕೈಪಿಡಿ ನನ್ನದು. “ಉದಾಹರಣೆ ಚೆನ್ನಾಗಿ ಕೊಡಿ ಮೇಡಂ, ಅವು ಉದಾಹರಣೆ ನೋಡಿಯೇ ಕಲಿಯುವುದು” ಎಂದಿದ್ದ ಸುಧಾಕರ. ಮೇಷ್ಟರ ಜಾತಿಗೆ ಉದಾಹರಣೆಯೆಂದರೆ ಮೈಮೇಲೆ ಬಂದ ಹಾಗೆ. ಮೊದಲನೆಯದರಲ್ಲಿ ಊರು ಬದಲಾಯಿಸಿದೆ, ಎರಡನೆಯದರಲ್ಲಿ ಫೋನ್ ನಂಬರು. ಮೂರನೆಯದು ಸ್ವಲ್ಪ ತೂಕದ್ದಾಗಿರಲಿ ಎಂದು ಹೀಗೆ ಬರೆದೆ: ಹೆಸರು ಜಲಜಾ, ಊರು ಕಾಪು, ಸ್ಥಿತಿ ಎಂಬ ಕಾಲಮಿನಲ್ಲಿ ‘ಇದ್ದಾರೆ’ ತೆಗೆದು ‘ತೀರಿಕೊಂಡಿದ್ದಾರೆ’ ಎಂದು ಹಾಕಿ. ಬರೆದು ಕಾಫಿ ಕುಡಿಯಲು ಹೋದೆ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಸುಧಾಕರ ನನ್ನ ಮೇಜಿನ ಪಕ್ಕ ಬಂದು ನಿಂತ. “ಮೇಡಂ, ಆ ಪಟ್ಟಿಯಲ್ಲಿ ಕಾಪುವಿನ ಒಬ್ಬರು ಜಲಜಾ ನಿಜವಾಗಿಯೂ ಇದ್ದಾರೆ. ಏಜೆಂಟು ಅವರನ್ನು ತೀರಿಸಿಬಿಟ್ಟಿದೆ.” ಬದಲಾವಣೆಗೆ ಅದು ಬರೆದಿಟ್ಟ ಕಾರಣವನ್ನೂ ತೋರಿಸಿದ: ‘ಆಧಾರ: ಕೈಪಿಡಿ, ಮೂರನೆಯ ಉದಾಹರಣೆ.’ ನನಗೆ ಮೊದಲು ಬಂದದ್ದು ನಗು. ಸುಧಾಕರ ನಗಲಿಲ್ಲ. “ನಾನು ಸೋಮವಾರವೇ ಸರಿ ಮಾಡಿದ್ದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಮತ್ತೆ ತೀರಿಕೊಂಡಿದ್ದರು. ನಿನ್ನೆ ಪುನಃ ಸರಿ ಮಾಡಿದೆ. ಈಗ ನೋಡಿ.” ನೋಡಿದೆ. ತೀರಿಕೊಂಡಿದ್ದರು. ದಿನಾ ಬೆಳಿಗ್ಗೆ ಏಜೆಂಟು ಕೈಪಿಡಿಯನ್ನು ಮೊದಲಿನಿಂದ ಓದಿ, ಪಟ್ಟಿ ಅದಕ್ಕೆ ಹೊಂದುತ್ತಿಲ್ಲವೆಂದು ಕಂಡು, ಬಹಳ ಶ್ರದ್ಧೆಯಿಂದ ಆಕೆಯನ್ನು ಸಾಯಿಸುತ್ತಿತ್ತು. ತಕ್ಷಣ ಏಜೆಂಟನ್ನು ನಿಲ್ಲಿಸಿದೆವು. ಆಮೇಲೆ ಸುಧಾಕರ ದನಿ ತಗ್ಗಿಸಿ ಕೇಳಿದ, “ಅವರು ಇದ್ದಾರೆ, ಅಲ್ವಾ ಮೇಡಂ?”

ಪಟ್ಟಿಯಲ್ಲಿದ್ದ ಆಕೆಯ ನಂಬರಿಗೆ ಫೋನು ಮಾಡಿದೆವು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆವು. ಪಟ್ಟಿಯಲ್ಲಿದ್ದ ವಿಳಾಸ ಹಿಡಿದು ಸ್ಕೂಟರಿನಲ್ಲಿ ಕಾಪುವಿಗೆ ಹೊರಟೆವು. ಹೆದ್ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ: ಕಾಪುವಿನಲ್ಲಿ ನನಗೆ ಯಾರೂ ಗೊತ್ತಿಲ್ಲ. ಜಲಜಾ ಎಂಬ ಹೆಸರು ನನಗೆ ಎಲ್ಲಿಂದ ಬಂತು?

ಮನೆ ಸಿಕ್ಕಿತು. ನಡು ಮಧ್ಯಾಹ್ನ, ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಸದ್ದಿಲ್ಲ. ಜಗಲಿಯಲ್ಲಿ ಹೊಲಿಗೆ ಯಂತ್ರದ ಹಿಂದೆ ಒಬ್ಬ ಹೆಂಗಸು ಕೈ ಮಡಚಿ ಕುಳಿತಿದ್ದರು. ಯಂತ್ರದ ಮೇಲೆ ಬಟ್ಟೆಯಿತ್ತು, ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತ್ತು.

“ಜಲಜಾ ಎಂಬವರು...” ಎಂದೆ.

ಆಕೆ ನಮ್ಮನ್ನು ಒಂದು ಗಳಿಗೆ ನೋಡಿದರು. “ಅವರು ತೀರಿಕೊಂಡಿದ್ದಾರಂತೆ” ಎಂದರು.

ನನ್ನ ಕಾಲು ಮೆಟ್ಟಿಲಿನಲ್ಲೇ ನಿಂತಿತು.

“ನಾನೇ ಮಾರಾಯ್ರೆ. ಬನ್ನಿ, ಕೂತ್ಕೊಳ್ಳಿ. ಮೆಸೇಜು ಕಳಿಸಿದ್ದು ನಿಮ್ಮವರೇ ಅಲ್ವಾ?” ಪಟ್ಟಿಯಲ್ಲಿ ಆಕೆ ತೀರಿಕೊಂಡಾಗಲೆಲ್ಲ ‘ತಮ್ಮ ಅಗಲಿಕೆಗೆ ನಮ್ಮ ಸಂತಾಪಗಳು’ ಎಂಬ ಸಂದೇಶ ತಾನಾಗಿ ಆಕೆಯ ಫೋನಿಗೇ ಹೋಗಿತ್ತು. “ಮೊದಲನೇ ಸಲ ನಗಾಡಿದೆ. ಎರಡನೇ ಸಲ ಬಂದಾಗ ತಂಗಿಗೆ ತೋರಿಸಿದೆ, ಅವಳು ಅತ್ತಳು. ಮೂರನೇ ಸಲ ನೋಡಿ, ನನಗೇ ಒಂದು ಥರಾ ಆಯ್ತು. ಕೈ ಮುಟ್ಟಿ ನೋಡ್ಕೊಂಡೆ. ಸಿಸ್ಟರ್ ಬಿಪಿ ನೋಡ್ಲಿಕ್ಕೆ ಬರ್ತಾ ಇದ್ರು, ಅವರೂ ಬರ್ಲಿಲ್ಲ. ಮಾತ್ರೆ ಅವರೇ ತರ್ತಾ ಇದ್ದದ್ದು, ಅದೂ ಮುಗೀತು.”

“ಫೋನ್ ಯಾಕೆ ಎತ್ತಲಿಲ್ಲ?” ಎಂದ ಸುಧಾಕರ.

“ಮೆಸೇಜು ಬಂದ ನಂಬರಿನಿಂದಲೇ ಫೋನ್ ಬಂತು. ಸತ್ತವಳು ಹಲೋ ಹೇಳಿದ್ರೆ ನೀವು ಹೆದರುವುದಿಲ್ವಾ?”

ಬಿಪಿಯವರನ್ನು ಮಾತ್ರೆಯಿಲ್ಲದೆ ಬಿಡುವ ಹಾಗಿರಲಿಲ್ಲ. ರಿಕ್ಷಾ ಕರೆದು ಹತ್ತಿರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಎರಡು ಸಲ ಬಿಪಿ ನೋಡಿ, “ಇಷ್ಟು ಬಿಪಿ ಇಟ್ಟುಕೊಂಡು ತಿರುಗುವುದಾ? ಇನ್ನು ಎರಡು ದಿನ ಬಿಟ್ಟಿದ್ದರೆ ಕಷ್ಟ ಇತ್ತು” ಎಂದರು. ಅಂದರೆ ನನ್ನ ಮೂರನೆಯ ಉದಾಹರಣೆ ನಿಜವಾಗಲು ಇನ್ನೆರಡೇ ದಿನ ಬಾಕಿಯಿತ್ತು. ಆಮೇಲೆ ಪಟ್ಟಿಯಲ್ಲಿ ತಪ್ಪಿದೆಯೆಂದು ಯಾರಿಗೂ ಅನಿಸುತ್ತಿರಲಿಲ್ಲ.

ಮಾತ್ರೆ ಕೊಡಿಸಿ ಮನೆಗೆ ಬಿಟ್ಟೆವು. ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಜಲಜಕ್ಕ ಸಿಟ್ಟು ಮಾಡಲಿಲ್ಲ. “ನನ್ನ ಹೆಸರು ನಿಮಗೆ ಯಾರು ಕೊಟ್ಟದ್ದು?” ಎಂದು ಮಾತ್ರ ಕೇಳಿದರು.

“ಯಾರೂ ಇಲ್ಲ ಜಲಜಕ್ಕ. ಸುಮ್ಮನೆ ಹೊಳೆಯಿತು.”

“ಸುಮ್ಮನೆ ಹೊಳೆಯುವುದೆಂದರೆ ಎಂತ?” ಆಕೆ ನನ್ನನ್ನೇ ನೋಡಿದರು. “ಅದನ್ನು ತೆಗೆಯಿರಿ. ಉದಾಹರಣೆ ಬೇಕಾದರೆ ನಿಮ್ಮದೇ ಹೆಸರು ಹಾಕಿಕೊಳ್ಳಿ.”

ನ್ಯಾಯವಾದ ಮಾತು. ಅಂದೇ ಸಂಜೆ ಆಫೀಸಿನಲ್ಲಿ ಕೈಪಿಡಿ ತೆರೆದು, ಇದು ಉದಾಹರಣೆ ಮಾತ್ರ, ಮಾಡಬೇಕಾದ ಕೆಲಸವಲ್ಲ ಎಂದು ದಪ್ಪಕ್ಷರದಲ್ಲಿ ಬರೆದೆ. ಜಲಜಾ ಎಂಬುದನ್ನು ಅಳಿಸಿ ನನ್ನ ಹೆಸರನ್ನು ಟೈಪು ಮಾಡಿದೆ. ಊರು: ಉಡುಪಿ. ಈಗಿರುವುದು: ‘ಇದ್ದಾರೆ’. ಹೊಸದಾಗಿ ಬರೆಯಬೇಕಾದದ್ದು ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಜಲಜಕ್ಕನದನ್ನು ಬರೆಯುವಾಗ ಒಂದು ಕ್ಷಣವೂ ತಡವರಿಸದಿದ್ದ ಬೆರಳು. ಬಹಳ ಹೊತ್ತು ಕಾದೆ, ಅದು ಅಲ್ಲಾಡಲಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸಿ, ‘ವಸ್ತು: ಕುರ್ಚಿ, ಬಣ್ಣ: ಕಪ್ಪು ತೆಗೆದು ನೀಲಿ ಎಂದು ಹಾಕಿ’ ಎಂದು ಬರೆದು ಮನೆಗೆ ಹೋದೆ.

ಏಜೆಂಟು ಮತ್ತೆ ಕೆಲಸ ಶುರುಮಾಡಿದೆ, ಯಾವ ತೊಂದರೆಯೂ ಇಲ್ಲ. ನಾನು ಮಾತ್ರ ಈಗ ದಿನಾ ಬೆಳಿಗ್ಗೆ ಆಫೀಸಿಗೆ ಬಂದವಳು, ನನ್ನ ಕುರ್ಚಿ ಇನ್ನೂ ಕಪ್ಪಾಗಿಯೇ ಇದೆಯೆಂದು ನೋಡಿಕೊಂಡೇ ಕುಳಿತುಕೊಳ್ಳುತ್ತೇನೆ.